ಅಲೆಯ ಲೆಕ್ಕ

ಕ್ರೋಶಾ ಹೆಣಿಗೆ ಬಲ್ಲವರಿಗೆ ಅಲೆಯ ಮಾದರಿ ಹೊಸತೇನಲ್ಲ. ಬಣ್ಣಬಣ್ಣದ ಉಲ್ಲನ್ ಪಟ್ಟಿಗಳು ಒಂದರ ಮೇಲೊಂದು ಏರಿಳಿಯುತ್ತ ಸಾಗುವ ಆ ಹೊದಿಕೆಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ನೀವೂ ನೋಡಿರುತ್ತೀರಿ; ಬಾಣಂತಿಯ ಕೋಣೆಯಲ್ಲಿ ತೊಟ್ಟಿಲೊಳಗೆ, ಇಲ್ಲವೇ ಜಗುಲಿಯ ಆರಾಮ ಕುರ್ಚಿಯ ಬೆನ್ನಿನ ಮೇಲೆ. ನೋಡಿದವರು ಮೊದಲು ಚೆಂದವಿದೆ ಎನ್ನುತ್ತಾರೆ. ಆಮೇಲೆ, ಹೊತ್ತು ಕಳೆಯಲು ಒಳ್ಳೆಯ ಕೆಲಸ ಎನ್ನುತ್ತಾರೆ. ಈ ಎರಡನೆಯ ಮಾತಿನ ಮೇಲೆ ನನಗೆ ಬಹುಕಾಲದಿಂದ ಒಂದು ತಕರಾರಿದೆ. ಅದನ್ನು ಹೇಳುವ ಮೊದಲು ಅಲೆ ಹೇಗೆ ಹುಟ್ಟುತ್ತದೆಂಬುದನ್ನು ವಿವರಿಸಬೇಕು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳ ಅಭ್ಯಾಸವಿದು, ಓದುಗರು ಸಹಿಸಿಕೊಳ್ಳಬೇಕು.

ಒಂದು ಅಲೆಗೆ 14 ಕಣ್ಣುಗಳು. ಮೊದಲಿಗೆ ಬೇಕಾದಷ್ಟು ಅಗಲಕ್ಕೆ ಸರಪಳಿ ಹಾಕಿಕೊಂಡು, ಅದರ ಮೇಲೆ ಕಂಬಗಳ ಸಾಲು ಆರಂಭಿಸುತ್ತೇವೆ. ನಾಲ್ಕು ಕಣ್ಣುಗಳಲ್ಲಿ ಒಂದೊಂದೇ ಕಂಬ. ಮುಂದಿನ ನಾಲ್ಕು ಕಣ್ಣುಗಳಲ್ಲಿ ಎರಡೆರಡು ಕಂಬಗಳ ತಲೆಯನ್ನು ಕೂಡಿಸಿ ಒಂದೊಂದಾಗಿಸುತ್ತೇವೆ. ನಾಲ್ಕು ಹೋಗಿ ಎರಡಾಗುತ್ತದೆ. ಅಲ್ಲಿ ಸಾಲು ತಗ್ಗಿಗೆ ಇಳಿಯುತ್ತದೆ. ಮತ್ತೆ ನಾಲ್ಕು ಸಾದಾ ಕಂಬ. ಅನಂತರ ಎರಡು ಕಣ್ಣುಗಳಲ್ಲಿ ಎರಡೆರಡು ಕಂಬ ಹಾಕಿದರೆ ಎರಡು ನಾಲ್ಕಾಗುತ್ತದೆ. ಅಲ್ಲಿ ಸಾಲು ಉಬ್ಬಿ ಶಿಖರವಾಗುತ್ತದೆ. ಹೋದದ್ದು ಎರಡು, ಬಂದದ್ದು ಎರಡು. ಸಾಲಿನ ಎರಡು ತುದಿಗಳಲ್ಲಿ ಶಿಖರ ಅರ್ಧವೇ ಆಗುವುದರಿಂದ ಅಲ್ಲಿ ಒಂದೊಂದು ಕಣ್ಣಿನಲ್ಲಿ ಮಾತ್ರ ಜೋಡಿ ಕಂಬ. ಹೀಗೆ ನೂರು ಸಾಲು ಹೆಣೆದರೂ ಕಣ್ಣುಗಳ ಸಂಖ್ಯೆ ಬದಲಾಗುವುದಿಲ್ಲ. ಹೆಚ್ಚಿಸುವುದನ್ನೂ ಕೂಡಿಸುವುದನ್ನೂ ಒಂದೇ ಕಣ್ಣಿಗೆ ಒತ್ತಿದರೆ ಗರಗಸದ ಹಲ್ಲಿನಂತೆ ಮೊನಚಾಗುತ್ತದೆ. ಎರಡು ಕಣ್ಣುಗಳಿಗೆ ಹರಡಿದರೆ ಮಾತ್ರ ಅಲೆಯ ದುಂಡುತನ ಬರುತ್ತದೆ.

ಇದನ್ನು ನನಗೆ ಕಲಿಸಿದವಳು ದೊಡ್ಡಾಯಿ, ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅವಳು ಇದನ್ನು ಅಲೆ ಎಂದು ಕರೆದದ್ದೇ ಇಲ್ಲ. ಅರಬೈಲ್ ಘಟ್ಟ ಇಳಿದು ಗುಳ್ಳಾಪುರ, ರಾಮನಗುಳಿ ದಾಟಿ ಬಸ್ಸಿನಲ್ಲಿ ಹೋದರೆ ಅಂಕೋಲೆಯ ಕಡಲು ಸಿಗುತ್ತದೆ. ಆದರೂ ದೊಡ್ಡಾಯಿ ಅರವತ್ತರವರೆಗೆ ಕಡಲನ್ನು ಕಂಡಿರಲಿಲ್ಲ. ಅವಳ ಬಾಯಲ್ಲಿ ಅದು ‘ಘಟ್ಟದ ಹೆಣಿಗೆ’. ನನ್ನ ಸಾಲು ಒಂದು ಮಗ್ಗುಲಿಗೆ ವಾಲಿದಾಗಲೆಲ್ಲ "ಹತ್ತಿದಷ್ಟೇ ಇಳಿಯವು ಕೂಸೇ" ಎನ್ನುತ್ತಿದ್ದಳು. ಶಾಲೆಗೆ ಎರಡು ವರ್ಷವಷ್ಟೇ ಹೋದವಳು. ಹದಿನಾಲ್ಕರ ಮಗ್ಗಿ ಅವಳಿಗೆ ಬಾಯಿಪಾಠವಿರಲಿಲ್ಲ. ಆದರೆ ತೊಟ್ಟಿಲಿಗೆಷ್ಟು, ಮಂಚಕ್ಕೆಷ್ಟು ಎಂದು ಕೇಳಿದರೆ ಕಣ್ಣುಗಳ ಮೊತ್ತವನ್ನು ಕೂಡಲೇ ಹೇಳುತ್ತಿದ್ದಳು.

ನಮ್ಮ ಘಟ್ಟದ ಮಳೆಗಾಲವನ್ನು ಬಲ್ಲವರಿಗೆ ಈ ಹೆಣಿಗೆ ಯಾವ ಹೊತ್ತಿನದೆಂದು ಹೇಳಬೇಕಾಗಿಲ್ಲ. ಆಷಾಢದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬಾರದು. ಕಂದೀಲಿನ ಬೆಳಕಿನಲ್ಲಿ ಓದಲು ಕಷ್ಟ, ಹೆಣೆಯಲು ಕಷ್ಟವಿಲ್ಲ. ಬೆರಳಿಗೆ ಕಣ್ಣುಗಳು ಸಿಗುತ್ತವೆ.

ಬಣ್ಣಗಳ ವಿಷಯ ಬೇರೆಯೇ. ಇಂದು ಅಂತರಜಾಲದಲ್ಲಿ ಅಲೆಯ ಹೊದಿಕೆಗೆ ಬಣ್ಣಗಳನ್ನು ಆರಿಸಿ ಜೋಡಿಸಿ ತೋರಿಸುತ್ತಾರೆ. ನಮ್ಮಲ್ಲಿ ಆರಿಸುವ ಮಾತೇ ಇರಲಿಲ್ಲ. ಹರಿದ ಸ್ವೆಟರನ್ನು ಬಿಚ್ಚಿ, ದಾರವನ್ನು ಲಡಿ ಮಾಡಿ ತೊಳೆದು, ಕೆಳಗೆ ಭಾರ ಕಟ್ಟಿ ತೂಗಿಹಾಕಿ, ಸುರುಳಿ ನೆಟ್ಟಗಾದ ಮೇಲೆ ಉಂಡೆ ಸುತ್ತುವುದು. ಮನೆಯಲ್ಲಿ ಇದ್ದದ್ದೇ ಬಣ್ಣ. ಅಲೆಯ ಮಾದರಿ ಇಂಥ ಚೂರುಪಾರು ದಾರಕ್ಕಾಗಿಯೇ ಹುಟ್ಟಿದಂತಿದೆ. ಎರಡು ಸಾಲಿಗೊಮ್ಮೆ ಬಣ್ಣ ಬದಲಿಸಿದರೆ ದಾರ ಹೊರಟ ಅಂಚಿಗೇ ಮರಳಿ ಬರುತ್ತದೆ, ಕತ್ತರಿಸದೆ ಮೇಲಿನ ಸಾಲಿಗೆ ಒಯ್ಯಬಹುದು. ಹೊಸ ಬಣ್ಣವನ್ನು ಸಾಲಿನ ಕೊನೆಯ ಕಂಬ ಮುಗಿಸುವ ಕೊನೆಯ ಎಳೆತದಲ್ಲೇ ಸೇರಿಸಿಕೊಳ್ಳಬೇಕು. ತಡಮಾಡಿದರೆ ಹಳೆಯ ಬಣ್ಣ ಹೊಸ ಸಾಲಿನ ಮೇಲೆ ಇಣುಕುತ್ತದೆ. ದೊಡ್ಡಾಯಿಯ ಹೊದಿಕೆಯೊಂದರಲ್ಲಿ ಕಂದುಗೆಂಪು ನನ್ನ ತಮ್ಮನ ಶಾಲೆಯ ಸ್ವೆಟರಿನದು, ಬೂದು ದೊಡ್ಡಪ್ಪನ ಮಫ್ಲರಿನದು. ಇದು ನಮ್ಮ ಸೀಮೆಗೆ ಹೊರಗಿನಿಂದ ಬಂದ ಕಲೆ, ನಿಜ. ಆದರೆ ಎಣಿಸಿ ಏರಿಳಿಸುವ ಬುದ್ಧಿ ಹೊರಗಿನದಲ್ಲ: ಧಾರವಾಡದ ಕಡೆಯ ಕಸೂತಿಯಲ್ಲಿ ‘ಮುರ್ಗಿ’ ಎಂಬ ಓರೆಕೋರೆ ಹೊಲಿಗೆಯನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ.

ಲೆಕ್ಕ ಮೀರಿ ಕಣ್ಣುಗಳನ್ನು ಹೆಚ್ಚಿಸುತ್ತ ಹೋದರೆ ಏನಾಗುತ್ತದೆ? ಅಂಚು ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ಏಳುತ್ತದೆ. ಮನೆಯಲ್ಲಿ ಅದು ಕೆಟ್ಟ ಹೆಣಿಗೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಬೇಕೆಂದೇ ಹಾಗೆ ಹೆಣೆದು, ಅತಿಪರವಲಯ ಜ್ಯಾಮಿತಿಯ ತಲವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಒಂದು ಬಿಂದುವಿನ ಮೂಲಕ ಒಂದು ಗೆರೆಗೆ ಸಂಧಿಸದ ಅನೇಕ ಗೆರೆಗಳು ಹಾಯಬಲ್ಲ ಆ ವಿಚಿತ್ರ ತಲಕ್ಕೆ ಮೊದಲು ಕಾಗದದ ಮಾದರಿಗಳಿದ್ದವು, ಅವು ಬೇಗ ಹರಿಯುತ್ತಿದ್ದವು. ಕ್ರೋಶಾ ಕಡ್ಡಿಗೆ ಗಣಿತದ ಪಾಠದಲ್ಲಿ ಸ್ಥಾನ ಸಿಕ್ಕಿದ್ದು ಹೀಗೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಒಬ್ಬರು ಹೊದ್ದುಕೊಳ್ಳುವ ಹೊದಿಕೆಗೆ 14 ಅಲೆ, ಅಂದರೆ ಸಾಲಿಗೆ 196 ಕಣ್ಣು, 140 ಸಾಲು. ಒಟ್ಟು 27,440 ಕಣ್ಣುಗಳು. ನನ್ನ ಕೈಗೆ ಒಂದು ಸಾಲಿಗೆ ಇಪ್ಪತ್ತು ನಿಮಿಷ ಬೇಕು; ಹೊದಿಕೆಗೆ ಹತ್ತಿರ ಹತ್ತಿರ 47 ಗಂಟೆ. ಕೆಲವು ವರ್ಷಗಳ ಹಿಂದೆ ಪೇಟೆಯ ಅಂಗಡಿಯವರೊಬ್ಬರು ಇಂಥದೊಂದಕ್ಕೆ ಉಲ್ಲನ್ನಿನ ಬೆಲೆಯ ಮೇಲೆ 200 ರೂಪಾಯಿ ಕೊಡುವುದಾಗಿ ಹೇಳಿದರು. ಗಂಟೆಗೆ ನಾಲ್ಕೂಕಾಲು ರೂಪಾಯಿ. "ಮನೆಯಲ್ಲಿ ಕೂತು ಮಾಡುವುದಲ್ಲವೇ ಅಕ್ಕೋರೇ" ಎಂದರು. ಅವರು ಕೆಟ್ಟವರಲ್ಲ. ಆದರೆ ಮನೆಯಲ್ಲಿ ಕೂತು ಮಾಡಿದ ಮಾತ್ರಕ್ಕೆ ಗಂಟೆ ಚಿಕ್ಕದಾಗುವುದು ಹೇಗೆಂಬುದು ನನಗೆ ಇಂದಿಗೂ ತಿಳಿದಿಲ್ಲ. ನಾನು ಕೊಡಲಿಲ್ಲ.

2001ರ ಜನಗಣತಿಯಲ್ಲಿ, ಫೆಬ್ರವರಿ 9ರಿಂದ 28ರವರೆಗೆ, ಇತರ ಶಿಕ್ಷಕರಂತೆ ನಾನೂ ಮನೆ ಮನೆ ತಿರುಗಿದೆ. ಗಣತಿಯಲ್ಲಿ ಹೇಳಿದ್ದು ಗೋಪ್ಯ. ಆದ್ದರಿಂದ ಯಾವ ಊರು, ಯಾವ ಮನೆ ಎಂಬುದು ಬೇಡ. ಅಡಿಕೆ ಸುಲಿಯುವ ಕೆಲಸ ಮುಗಿದು ಮೆಟ್ಟುಗತ್ತಿಗಳನ್ನು ಮೂಲೆಗೆ ಸರಿಸಿದ್ದರು. ಮನೆಯ ಯಜಮಾನನ ತಾಯಿಯ ಸರದಿ ಬಂದಾಗ ಮಗ, "ಆಯಿಗೆಂತ ಕೆಲ್ಸ ಅಕ್ಕೋರೇ, ಸುಮ್ನೆ ಮನೇಲಿ ಇರ್ತು" ಎಂದ. ಒಳಗಿನಿಂದ ಧ್ವನಿ ಬಂತು: "ಹೋದ ವರ್ಷ ಮೂರು ಹೊದಿಕೆ ಮಾರಿದ್ದಿ."

ನಿಯಮ ಹೀಗಿತ್ತು: ಕಳೆದ ವರ್ಷದಲ್ಲಿ 183 ದಿನ ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು, ಇಲ್ಲದಿದ್ದರೆ ಕೆಲಸ ಮಾಡದವರು. ಮನೆಯಲ್ಲೇ ವಸ್ತು ತಯಾರಿಸಿ ಮಾರುವುದು ಗೃಹ ಕೈಗಾರಿಕೆ. ನಾನು ದಿನಗಳನ್ನು ಕೇಳಿದೆ. ಆಯಿ ಹೊರಗೆ ಬಂದು ಬೆರಳು ಮಡಚಿ ಎಣಿಸಿದಳು. ಅಲ್ಪಾವಧಿ ಕೆಲಸಗಾರರು, ಗೃಹ ಕೈಗಾರಿಕೆ ಎಂದು ಬರೆದುಕೊಂಡೆ. ಮಗ ಸ್ವಲ್ಪ ಇರುಸುಮುರುಸುಗೊಂಡು ನಕ್ಕ. ತಾಯಿ ದುಡಿಯುತ್ತಾಳೆಂದು ಸರಕಾರದ ಕಾಗದದಲ್ಲಿ ಬರುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿ ತೋರಿರಬೇಕು. ಆಕೆ ಮಾತ್ರ ನನ್ನನ್ನು ಮತ್ತೊಂದು ಪ್ರಶ್ನೆ ಕೇಳಿದಳು: ಮೊಮ್ಮಕ್ಕಳಿಗೆ ಹೆಣೆದುಕೊಟ್ಟದ್ದನ್ನು ಎಲ್ಲಿ ಬರೆಯುತ್ತೀರಿ?

ಅದಕ್ಕೆ ಅಂಕಣವಿರಲಿಲ್ಲ. ಆ ಗಣತಿಯಲ್ಲಿ ಮನೆಬಳಕೆಗಷ್ಟೇ ಹಾಲು ಉತ್ಪಾದಿಸಿದರೂ ಅದು ಕೆಲಸ. ಮನೆಬಳಕೆಗೆ ಹೊದಿಕೆ ಹೆಣೆದರೆ ಅಲ್ಲ. ಕೊಟ್ಟಿಗೆಯಿಂದ ಜಗುಲಿಗೆ ಹತ್ತು ಹೆಜ್ಜೆ. ಅಷ್ಟರಲ್ಲಿ ಅದೇ ಕೈಗಳು ಕೆಲಸಗಾರರ ಪಟ್ಟಿಯಿಂದ ಹೊರಗೆ ಬೀಳುತ್ತಿದ್ದವು.

ಮಾರಿದರೂ ಪಟ್ಟಿಗೆ ಸೇರುತ್ತಾರೆಂಬ ಭರವಸೆಯಿಲ್ಲ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಹೆಂಗಸರು ಕ್ರೋಶಾ ಲೇಸ್ ಹೆಣೆಯುತ್ತಾರೆ, ಅದು ವಿದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ಬಗ್ಗೆ ಬರೆದ ಪುಸ್ತಕ 1982ರಲ್ಲಿ ಪ್ರಕಟವಾಯಿತು. ರಫ್ತು ವ್ಯಾಪಾರ ನಿಂತಿದ್ದದ್ದೇ ಆ ಹೆಂಗಸರ ದುಡಿಮೆಯ ಮೇಲೆ. ಆದರೆ ಎಲ್ಲರ ಬಾಯಲ್ಲಿ ಅವರು ಬಿಡುವಿನಲ್ಲಿ ದಾರ ಹಿಡಿದ ಗೃಹಿಣಿಯರು. ಬಿಡುವು ಎಂಬ ಆ ಪದವೇ ಕೂಲಿಯನ್ನು ತಗ್ಗಿಸುತ್ತಿತ್ತೆಂದು ಮೀಸ್ ತೋರಿಸಿದರು.

ಬಿಡುವಾದರೂ ಎಲ್ಲಿತ್ತು? 2019ರಲ್ಲಿ ನಡೆದ ದೇಶದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರು, ಗಂಡಸರು 97 ನಿಮಿಷ. ಈ ಸಮೀಕ್ಷೆಯಲ್ಲಿ ಸ್ವಂತ ಬಳಕೆಗೆ ವಸ್ತು ತಯಾರಿಸುವುದಕ್ಕೆ ಬೇರೆಯೇ ವಿಭಾಗವಿದೆ. ಗಣತಿಗಿಂತ ಅಷ್ಟು ಮುಂದೆ ಬಂದಂತಾಯಿತು. ಆದರೆ ಹವ್ಯಾಸದ ಕೈಕೆಲಸಕ್ಕೂ ಅಲ್ಲಿ ಜಾಗವಿದೆ. ಒಂದೇ ಹೊದಿಕೆ ಎಲ್ಲಿಗೆ ಸೇರುತ್ತದೆ ಎಂಬುದು ಪ್ರಶ್ನೆ ಕೇಳಿದಾಗ ಉತ್ತರಿಸುವವರ ಬಾಯಿಗೆ ಬಿಟ್ಟದ್ದು. ಕೋವಿಡ್‌ನಿಂದಾಗಿ ನಿಂತುಹೋದ ಗಣತಿಯನ್ನು 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ನಡೆಸುವುದಾಗಿ 2025ರಲ್ಲಿ ಪ್ರಕಟಿಸಿದ್ದಾರೆ. ಆ ಕೆಲಸಕ್ಕೆ ಹೋಗುವ ಕಿರಿಯ ಶಿಕ್ಷಕಿಯರಿಗೆ ನನ್ನ ಬಿನ್ನಹವಿಷ್ಟೇ: ಮನೆಯಲ್ಲಿ ಸುಮ್ಮನೆ ಇರುತ್ತಾರೆ ಎಂದು ಯಾರಾದರೂ ಹೇಳಿದರೆ, ಸುಮ್ಮನೆ ಇರುವವರನ್ನೇ ಇನ್ನೊಮ್ಮೆ ಕೇಳಿ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ಚೂರುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು; ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸುದ್ದಿ ಕೇಳಿ ಹಿಗ್ಗಿದ್ದೆ. ಜೊತೆಗೆ ಒಂದು ಕಿರಿಕಿರಿಯೂ ಆಯಿತು. ಗೋಡೆಯ ಮೇಲೆ ತೂಗಿದಾಗ ಕಲೆಯಾದದ್ದು ಮಂಚದ ಮೇಲಿದ್ದಾಗ ಏನಾಗಿತ್ತು?

ದೊಡ್ಡಾಯಿಗೆ ಕೊನೆಯ ವರ್ಷಗಳಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಕಡ್ಡಿ ಬಿಡಲಿಲ್ಲ. ಬಣ್ಣ ಕಾಣುತ್ತಿರಲಿಲ್ಲವಾದ್ದರಿಂದ ನಾಲ್ಕು ವರ್ಷದ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಉಂಡೆ ಕೇಳುತ್ತಿದ್ದಳು. ಆ ಮಾಣಿಗೆ ಹಸಿರು ಇಷ್ಟ. ಮತ್ತೆ ಮತ್ತೆ ಅದನ್ನೇ ಕೊಟ್ಟ. ಹಾಗಾಗಿ ಆ ಹೊದಿಕೆಯಲ್ಲಿ ಮೂರು ಬಗೆಯ ಹಸಿರು ಒಂದರ ಮೇಲೊಂದು ಬಂದು, ನಡುವೆ ಎಲ್ಲಿಂದಲೋ ಒಂದು ಕಿತ್ತಳೆ ಪಟ್ಟಿ ನುಸುಳಿದೆ. ಅದೀಗ ನನ್ನ ಕಪಾಟಿನಲ್ಲಿದೆ. 14 ಅಲೆ, ಸಾಲಿಗೆ 196 ಕಣ್ಣು. ಕಳೆದ ಮಳೆಗಾಲದಲ್ಲಿ ಕರೆಂಟಿಲ್ಲದ ಒಂದು ಸಂಜೆ ಸಾಲು ಸಾಲಾಗಿ ಎಣಿಸಿ ನೋಡಿದೆ. ಎಲ್ಲಿಯೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.