ಟ್ಯಾಂಕಿನ ಅಳತೆಯ ಶಾರ್ಕ್

ಸಿಂಧನೂರಿನ ನಮ್ಮ ಪಡಸಾಲೆಯಲ್ಲಿ ಒಂದು ಶಾರ್ಕ್ ಸಾಕಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇದೆ. ಸಣ್ಣದಾದರೂ ಸರಿ. ಆ ಆಸೆಯ ಬೇರು ಲಿಂಗಸುಗೂರಿನಲ್ಲಿದೆ. ಅಲ್ಲಿನ ಭಾವನ ಮನೆಯಲ್ಲಿ ಅರೋವಾನಾ ಎಂಬ ಮೀನಿದೆ, ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ನನಗೆ ಮೀನಿಗಿಂತ ಆ ನಿಲ್ಲುವವರು ಬೇಕು.

ಅಂಗಡಿಯವರು ಶಾರ್ಕ್ ಎಂದು ತೋರಿಸುವ ಸಿಹಿನೀರಿನ ಮೀನುಗಳು ಶಾರ್ಕ್ ಅಲ್ಲವೇ ಅಲ್ಲ. ಕೆಂಪು ಬಾಲದ ಕರಿ ಮೀನು ಥಾಯ್ಲೆಂಡಿನದು, ರೋಹು, ಕಾಟ್ಲಾಗಳ ಬಳಗ. ತನ್ನ ಹೊಳೆಗಳಲ್ಲಿ ಅಳಿವಿನ ಅಂಚಿಗೆ ಬಂದಿದೆ, ನಮಗೆ ಸಿಗುವುದು ಸಾಕಣೆಯ ಮರಿ. 15 ಸೆಂಟಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ನನ್ನಂಥವನ ಮನೆಗೆ ಹೊಂದುವುದು ಅದೇ. ಆದರೆ ಅದು ಬಾಯಿ ಕೆಳಗಿಟ್ಟು ಪಾಚಿ ಕೆರೆಯುತ್ತದೆ, ನೋಡಿದವರು ಬೆಚ್ಚುವುದಿಲ್ಲ. ಬೇಡವೆಂದೆ.

ಬೆಳ್ಳಿ ಮೈಯ, ನೆಟ್ಟಗೆ ಎದ್ದ ಈಜುರೆಕ್ಕೆಯ ಇನ್ನೊಂದಿದೆ. ನೋಡಲು ಥೇಟ್ ಶಾರ್ಕ್, ಕುಲ ಮಾತ್ರ ಮೀಸೆ ಮೀನಿನದು, ಮೂಲ ಮೆಕಾಂಗ್ ನದಿ. ಮೀಟರಿಗೂ ಮೀರಿ ಬೆಳೆಯುವ ಪ್ರಾಣಿ. "ಟ್ಯಾಂಕ್ ಎಷ್ಟೈತೋ ಅಷ್ಟಾ ಬೆಳಿತೈತ್ರಿ ಸರ" ಎಂದ ಅಂಗಡಿಯವ. ಸುಳ್ಳೆಂದು ಗೊತ್ತಿತ್ತು. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಮೀನು ಕುಂಠಿತವಾಗುತ್ತದೆ, ಅಳತೆಗೆ ಒಗ್ಗುವುದಿಲ್ಲ. ಆದರೂ ಆ ಮಾತು ಹಿತವಾಗಿತ್ತು. ಆಂಧ್ರದ ಹೊಂಡಗಳಲ್ಲಿ ಇದೇ ಮೀನನ್ನು ಸಾಕಿ ಮಾರುತ್ತಾರೆ. ನಮ್ಮ ಆರ್.ಎಚ್. (ಪುನರ್ವಸತಿ) ಕ್ಯಾಂಪಿನ ಬಂಗಾಳಿ ಮನೆಗಳಲ್ಲಿ ಇದಕ್ಕೆ ಪಂಗಾಸ್ ಎನ್ನುತ್ತಾರೆ, ಅವರಿಗೆ ಅದು ಊಟದ ಮೀನು. ತಿನ್ನುವವರು ಅದನ್ನು ಬೆಳೆಯಲು ಬಿಡುತ್ತಾರೆ. ಪ್ರೀತಿಯಿಂದ ಸಾಕುತ್ತೇನೆನ್ನುವ ನನಗೆ ಅದು ಮರಿಯಾಗಿಯೇ ಇರಬೇಕು.

ನಿಜವಾದ ಶಾರ್ಕುಗಳಲ್ಲಿ ಮನೆಗೆ ತರಬಹುದೆಂದು ಹೇಳುವುದು ಬಂಬೂ ಶಾರ್ಕ್. ನಮ್ಮ ಕರಾವಳಿಗಳಲ್ಲೂ ಸಿಗುವ ಬೂದು ಬಣ್ಣದ್ದು ಮುಕ್ಕಾಲು ಮೀಟರ್ ಬೆಳೆಯುತ್ತದೆ. ಸಾವಿರ ಲೀಟರ್ ನೀರಾದರೂ ಬೇಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅಂದರೆ ಟ್ಯಾಂಕಿಗೆ 35 ಕಿಲೋ. ಕಾಲುವೆ ಬಂದ ಮೇಲೆ ಎಷ್ಟೋ ಗದ್ದೆಗಳು ಉಪ್ಪೇರಿ ಜವಳಾದ ತಾಲೂಕಿದು, ಇಲ್ಲಿ ದುಡ್ಡು ಕೊಟ್ಟು ಉಪ್ಪು ತಂದು ನೀರಿಗೆ ಸುರಿಯುವುದು! ಮೇ ತಿಂಗಳ ಬಿಸಿಲಿಗೆ ನೀರು ತಂಪಾಗಿಡುವ ಯಂತ್ರ ಬೇರೆ, ಕರೆಂಟು ಹೋದರೆ ದೇವರೇ ಗತಿ. ಇಷ್ಟೆಲ್ಲ ಮಾಡಿದರೂ ಅದು ಹಗಲೆಲ್ಲ ತಳದಲ್ಲಿ ಬಿದ್ದಿರುತ್ತದೆ. ಅದರ ಓಡಾಟವೆಲ್ಲ ರಾತ್ರಿ. ಇದನ್ನು ತಿಳಿದಾಗ ಖರ್ಚಿನ ಲೆಕ್ಕಕ್ಕಿಂತ ಹೆಚ್ಚು ಬೇಸರವಾಯಿತು. ಬೆಳೆದ ಮೇಲೂ ಒಂದು ಗೇಣು ಮೀರದ ಶಾರ್ಕೂ ಒಂದಿದೆ, ಆದರೆ ಅದು ಕೆರಿಬಿಯನ್ ಕಡಲಿನ ಕತ್ತಲ ಆಳದ್ದು, ಯಾರ ಪಡಸಾಲೆಗೂ ಬರುವುದಿಲ್ಲ.

ಇಂಥ ಪ್ರಾಣಿಯನ್ನು ಗಾಜಿನಲ್ಲಿಡುವುದು ಸರಿಯೇ ಎಂದು ಯೋಚಿಸುವಾಗ ಅಶೋಕ ನೆನಪಾದ. ಪಕ್ಕದ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೇ ಇದೆ. ಅದೇ ಅರಸ ಉತ್ತರದ ಒಂದು ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸುವಾಗ ಎಲುಬಿಲ್ಲದ ಮೀನನ್ನೂ ಸೇರಿಸುತ್ತಾನೆ. ಶಾರ್ಕಿಗೂ ಎಲುಬಿಲ್ಲ, ಇರುವುದೆಲ್ಲ ಮೃದ್ವಸ್ಥಿ. ಅವನು ಹೇಳಿದ್ದು ಶಾರ್ಕನ್ನೇ ಎನ್ನಲಾರೆ. ಆದರೆ ನನ್ನ ಮನಸ್ಸು ಆಗಲೇ ವಕೀಲಿಕೆ ಶುರುಮಾಡಿತ್ತು: ಕೊಲ್ಲಬೇಡ ಎಂದಿದ್ದಾನೆ, ಗಾಜಿನಲ್ಲಿ ಇಡಬೇಡ ಎಂದಿಲ್ಲವಲ್ಲ!

"ಮೊಸಳಿ ಒಂದು ಬಾಕಿ ಐತಿ ನೋಡ್ರಿ, ಹೊಳ್ಯಾಗ ಪುಕ್ಕಟೆ ಸಿಗ್ತಾವ" ಎನ್ನುತ್ತಾಳೆ ಹೆಂಡತಿ.

ಈಗ ಮನಸ್ಸು ಕರಿ ಮೀನಿನ ಕಡೆಗೇ ತಿರುಗಿದೆ. ಅದಕ್ಕೊಂದು ದೊಡ್ಡ ಟ್ಯಾಂಕ್, ಅಡಗಿಕೊಳ್ಳಲು ಕಲ್ಲುಸಂದಿ ಸಾಕು. ಆದರೆ ಭಾವ ಬಂದು "ಇದ್ಯಾವ ಮೀನಪಾ?" ಎಂದು ಕೇಳಿದರೆ, ರೋಹುವಿನ ಬಳಗ ಎಂದು ನಾನು ಹೇಳುತ್ತೇನೆಂಬ ನಂಬಿಕೆ ನನಗಿಲ್ಲ.