ಕಾಲು ಚಾಚಿದ ರಾತ್ರಿ

ಭಾಗ 1/7

ಫೋಟೋದಲ್ಲಿ ಇರುವುದು ನನ್ನ ಎಡಗಾಲು. ಪ್ಲಾಸ್ಟರ್ ಬಿಚ್ಚಿದ ದಿನ ತೆಗೆದದ್ದು. ಬಲಗಾಲಿಗಿಂತ ಸಪೂರ ಆಗಿದೆ, ಚರ್ಮ ಪೊರೆಪೊರೆಯಾಗಿ ಏಳ್ತಾ ಉಂಟು. ಚಂದದ ಫೋಟೋ ಅಲ್ಲ, ಗೊತ್ತು. ಆದ್ರೆ ಈ ಸಲದ ಸರಣಿ ಈ ಕಾಲಿನ ಬಗ್ಗೆಯೇ.

ಕಳೆದ ಕ್ರಿಸ್ಮಸ್ ಸಮಯದಲ್ಲಿ ನನ್ನ ಸ್ಟೋರಿ ನೋಡಿದವರಿಗೆ ನೆನಪಿರಬಹುದು. ನಮ್ಮ ಚರ್ಚಿನ ಯೂತ್ ಗ್ರೂಪಿನವರು ಪ್ರತಿ ಆದಿತ್ಯವಾರ ಆರಾಧನೆ ಮುಗಿಸಿ ಮಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಗಂಜಿ, ಚಟ್ನಿ ತೆಗೆದುಕೊಂಡು ಹೋಗ್ತೇವೆ. ರೋಗಿಗಳಿಗೂ ಅವರ ಜೊತೆ ಇರುವವರಿಗೂ ಕೊಡುವುದು. ನಾನು ಹೋದಾಗಲೆಲ್ಲ ಫೋಟೋ ಹಾಕ್ತಿದ್ದೆ. ಆಗ ತುಂಬ ಜನ ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದರು: "ಬೇರೆಯವರ ಸೇವೆ ಮಾಡ್ಲಿಕ್ಕೆ ನಿಂಗೆ ಅಷ್ಟು ಉತ್ಸಾಹ ಎಲ್ಲಿಂದ ಬರ್ತದೆ?"

ಎಲ್ಲರಿಗೂ "ಎಲ್ಲ ಯೇಸುವಿನ ಕೃಪೆ" ಅಂತ ಉತ್ತರ ಕೊಟ್ಟೆ. ಕೈ ಮುಗಿಯುವ ಇಮೋಜಿ ಕೂಡ ಹಾಕಿದೆ.

ಸತ್ಯ ಏನಂದ್ರೆ ಜನವರಿ ಎರಡನೇ ವಾರಕ್ಕೆ ನಾನು ಹೋಗುವುದನ್ನೇ ನಿಲ್ಲಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಹಳೆಯ ಫೋಟೋಗಳು ಪ್ರೊಫೈಲಿನಲ್ಲಿ ಹಾಗೇ ಇದ್ದವು, ಮೆಸೇಜುಗಳು ಬರ್ತಾ ಇದ್ದವು, ನಾನು ಥ್ಯಾಂಕ್ಸ್ ಹೇಳ್ತಾ ಇದ್ದೆ.

ಅವತ್ತು ಕೇಳಿದವರಿಗೆ ಇವತ್ತು ಸರಿಯಾದ ಉತ್ತರ ಕೊಡುವ ಅಂತ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ.

ಭಾಗ 2/7

ನಿಲ್ಲಿಸಿದ್ದು ಯಾಕೆ?

ಸೆಮಿಸ್ಟರ್ ಪರೀಕ್ಷೆ ಅಂತ ಮನೆಯಲ್ಲಿ ಹೇಳಿದೆ. ಕಾಸ್ಟಿಂಗ್ ಪೇಪರ್ ಕಷ್ಟ ಅಂತ ಗ್ರೂಪಿನಲ್ಲಿ ಹೇಳಿದೆ. ಎರಡೂ ಪೂರ್ತಿ ಸುಳ್ಳಲ್ಲ. ಆದ್ರೆ ನಿಜವಾದ ಕಾರಣ ಒಬ್ಬ ಅಜ್ಜಿ.

ಮೂಳೆ ಮುರಿದವರ ಹೆಂಗಸರ ವಾರ್ಡ್. ಗೋಡೆ ಪಕ್ಕದ ಮಂಚದಲ್ಲಿ ಆ ಅಜ್ಜಿ. ನಾನು ತಟ್ಟೆಗೆ ಗಂಜಿ ಬಡಿಸುವಾಗ ಗೆಳತಿ ಫೋಟೋ ತೆಗೀತಿದ್ದಳು. ಮೊದಲನೆಯದರಲ್ಲಿ ನನ್ನ ಕಣ್ಣು ಮುಚ್ಚಿತ್ತು. "ಇನ್ನೊಂದು ತೆಗಿ" ಅಂದೆ. ತಟ್ಟೆ ನನ್ನ ಕೈಯಲ್ಲೇ ಇತ್ತು. ಅಜ್ಜಿ ಕೈ ಮುಂದೆ ಚಾಚಿಕೊಂಡೇ ಕಾದರು. ಕೊನೆಗೆ ಮೆಲ್ಲಗೆ ಹೇಳಿದರು: "ಫೋಟೋ ಆಯ್ತಲ್ಲ ಮಗಾ? ಇನ್ನು ಕೊಡು. ಆರಿ ಹೋಗ್ತದೆ."

ಬೈದದ್ದಲ್ಲ. ಬೈದಿದ್ರೆ ನಾನು ಸಿಟ್ಟು ಮಾಡಿಕೊಂಡು ಮರೆತುಬಿಡ್ತಿದ್ದೆ.

ರಾತ್ರಿ ಆ ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ನಗ್ತಾ ಇದ್ದೇನೆ. ಅಜ್ಜಿ ಮುಖ ಗೋಡೆ ಕಡೆ ತಿರುಗಿಸಿದ್ದಾರೆ. ಅದಕ್ಕೂ ಲೈಕ್ ಬಂದಿತ್ತು.

ಬಿ.ಕಾಂ. ಓದುವವರಿಗೆ ಮೊದಲು ಕಲಿಸುವ ನಿಯಮ ಒಂದು ಉಂಟು. ವ್ಯಕ್ತಿಗಳ ಖಾತೆಯಲ್ಲಿ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ನಾನು ಆಸ್ಪತ್ರೆಗೆ ಹೋಗ್ತಿದ್ದದ್ದು ಸರಿಯಾಗಿ ಹಾಗೆಯೇ. ಆ ಅಜ್ಜಿ ಖಾತೆಗೆ ಡೆಬಿಟ್, ನನ್ನ ಖಾತೆಗೆ ಕ್ರೆಡಿಟ್. ಲೈಕ್ ಬಂದ್ರೆ ಸ್ವಲ್ಪ ವಸೂಲಿ. ಉಳಿದದ್ದು ದೇವರು ಆಶೀರ್ವಾದದ ರೂಪದಲ್ಲಿ ತೀರಿಸ್ತಾನೆ ಅನ್ನುವ ಲೆಕ್ಕ.

ಆ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಹೋಗ್ಲಿಕ್ಕೆ ಮುಖ ಇರಲಿಲ್ಲ.

ಭಾಗ 3/7

ನಮ್ಮ ಸಭಾಪಾಲಕರು ಒಂದು ಸಂಜೆ ಗೇಟಿನ ಹತ್ತಿರ ಸಿಕ್ಕಿದರು. "ಯಾಕೆ ಕಾಣ್ತಿಲ್ಲ?" ಅಂತ ಕೇಳಿದರು. ಪರೀಕ್ಷೆ ಅಂತ ಶುರು ಮಾಡಿದವಳು ಅಜ್ಜಿ ವಿಷಯ ಪೂರ್ತಿ ಹೇಳಿಬಿಟ್ಟೆ. ಅವರು ಬೋಧನೆ ಮಾಡಲಿಲ್ಲ. "ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ನೀನು ಯಾರು?" ಅಂತ ಮಾತ್ರ ಕೇಳಿದರು.

"ಸಮಾರ್ಯದವನು. ಅಂದ್ರೆ, ಹಾಗೆ ಆಗ್ಬೇಕು ಅಂತ ಅಲ್ವಾ ಸರ್ ಕಥೆ?"

ಅವರು ನಕ್ಕು "ಇನ್ನೊಮ್ಮೆ ಓದು" ಅಂದು ಹೋದರು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಉಂಟು. ಯೆರೂಸಲೇಮಿನಿಂದ ಯೆರಿಕೋಗೆ ಇಳಿದು ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು, ದೋಚಿ, ಅರೆಜೀವ ಮಾಡಿ ಬಿಟ್ಟು ಹೋಗ್ತಾರೆ. ದೇವಾಲಯದ ಯಾಜಕ ಒಬ್ಬ ಬರ್ತಾನೆ, ನೋಡಿ ಆಚೆ ಬದಿಯಿಂದ ಹೋಗ್ತಾನೆ. ಲೇವಿಯನೂ ಹಾಗೆಯೇ. ಮೂರನೆಯವನು ಸಮಾರ್ಯದವನು. ಆಗಿನ ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ್ತಿರಲಿಲ್ಲ. ಅವನೇ ನಿಂತು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರ್ಕೊಂಡು ಹೋಗ್ತಾನೆ.

ಕಾಮರ್ಸ್ ಬುದ್ಧಿ, ನನ್ನ ಕಣ್ಣು ಹಣದ ಮೇಲೆ ಹೋಯ್ತು. ಮರುದಿನ ಅವನು ಛತ್ರದವನಿಗೆ ಎರಡು ದಿನಾರಿ ಕೊಡ್ತಾನೆ. ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕಥೆಯಲ್ಲಿ ಆ ರೇಟು ಸಿಗ್ತದೆ. ಅಂದ್ರೆ ಎರಡು ದಿನದ ದುಡಿಮೆ ಕೊಟ್ಟ. ಅದರ ಮೇಲೆ, ಇನ್ನೂ ಖರ್ಚಾದ್ರೆ ವಾಪಸ್ ಬರುವಾಗ ನಾನೇ ಕೊಡ್ತೇನೆ ಅಂತ ಮಾತು ಕೊಟ್ಟ. ಮಿತಿ ಇಲ್ಲದ ಗ್ಯಾರಂಟಿ! ಯಾವ ಬ್ಯಾಂಕೂ ಇದಕ್ಕೆ ಸಹಿ ಹಾಕುವುದಿಲ್ಲ.

ಅಷ್ಟು ಕಂಡಿತು. ಆದ್ರೆ ಸರ್ ಕೇಳಿದ ಪ್ರಶ್ನೆಗೆ ಉತ್ತರ ಕಾಣಲಿಲ್ಲ. ಆ ಕಥೆಯಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ, ದಾರಿಯಲ್ಲಿ ಬಿದ್ದವನು. ಅವನು ನಾನಾಗಿರಬಹುದು ಅಂತ ನಂಗೆ ಹೊಳೆಯಲೇ ಇಲ್ಲ.

ಭಾಗ 4/7

ಫೆಬ್ರವರಿಯ ಒಂದು ಸಂಜೆ, ಕಾಲೇಜಿನಿಂದ ಬರುವಾಗ, ಜಲ್ಲಿ ಮೇಲೆ ಗೆಳತಿಯ ಸ್ಕೂಟರ್ ಜಾರಿತು. ಅವಳಿಗೆ ತರಚು ಗಾಯ. ನನ್ನ ಎಡಗಾಲಿನ ಹರಡಿನ ಹತ್ತಿರ ಎರಡು ಕಡೆ ಮೂಳೆ ಮುರಿಯಿತು.

ಯಾರೋ ರಿಕ್ಷಾದಲ್ಲಿ ಹಾಕಿಕೊಂಡು ಹೋದದ್ದು ಅದೇ ಸರ್ಕಾರಿ ಆಸ್ಪತ್ರೆಗೆ. ರಾತ್ರಿ ಎಂಟಕ್ಕೆ ನನ್ನನ್ನು ಮಲಗಿಸಿದ್ದು ಅದೇ ವಾರ್ಡಿನಲ್ಲಿ. ಗಂಜಿ ಅಜ್ಜಿ ಇರಲಿಲ್ಲ, ಮನೆಗೆ ಹೋಗಿರಬೇಕು. ಅವರ ಮಂಚದಿಂದ ಮೂರನೆಯದು ನನಗೆ ಸಿಕ್ಕಿತು.

ಅಪ್ಪ ಕತಾರಿನಲ್ಲಿ ಡ್ರೈವರ್. ಮನೆಯಲ್ಲಿ ನಮ್ಮ ಅಜ್ಜಿಗೆ ಪಾರ್ಶ್ವವಾಯು, ರಾತ್ರಿ ಒಬ್ಬರೇ ಬಿಡ್ಲಿಕ್ಕೆ ಆಗುವುದಿಲ್ಲ. ಹತ್ತು ಗಂಟೆಗೆ ನಾನೇ ಅಮ್ಮನನ್ನು ಕಳಿಸಿದೆ. "ನಂಗೆ ಎಂತ ಆಗುವುದಿಲ್ಲ, ನೀನು ಹೋಗು" ಅಂತ ದೊಡ್ಡದಾಗಿ ಹೇಳಿದೆ. ಅಮ್ಮ ಬಾಗಿಲು ದಾಟಿದ ಮೇಲೆ ಚಾದರದೊಳಗೆ ಅತ್ತೆ.

ಪಕ್ಕದ ಮಂಚದಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಮುದುಕಿ. ನೆಲದಲ್ಲಿ ಚಾಪೆ ಹಾಸಿ ಅವರ ಸೊಸೆ. ಕೊಪ್ಪಳದ ಕಡೆಯವರು. ಗಂಡ ಇಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬಂದವರು, ಇವರೂ ಜೊತೆಗೆ ಕಲ್ಲು, ಮಣ್ಣು ಹೊರುವವರು. ಅತ್ತೆಯ ದಿಂಬಿನ ಹತ್ತಿರ ಹುಲಿಗೆಮ್ಮನ ಸಣ್ಣ ಫೋಟೋ ಇಟ್ಟಿದ್ದರು.

ಸುಮಾರು ಒಂದು ಗಂಟೆಗೆ ಆ ಅಕ್ಕ ಎದ್ದು ಬಂದರು. "ತಂಗಿ, ನಿದ್ದಿ ಬರವಲ್ದೇನು?"

ನಾನು ಏನೂ ಹೇಳಲಿಲ್ಲ. ಅವರ ಕಣ್ಣು ನನ್ನ ಕಾಲಿನ ಮೇಲೆ ಹೋಯ್ತು. ಎಡಗಾಲಿಗೆ ಅರ್ಧ ಪ್ಲಾಸ್ಟರ್ ಹಾಕಿ ಬ್ಯಾಂಡೇಜ್ ಸುತ್ತಿದ್ದರು. ಹೊರಗೆ ಕಾಣುವ ಬೆರಳುಗಳಲ್ಲಿ ರಕ್ತ, ಮಣ್ಣು ಒಣಗಿ ಅಂಟಿತ್ತು. ಬಲಗಾಲು ಮೊಣಕಾಲಿನ ತನಕ ಕೆಸರು, ಡಾಂಬರಿನ ಕಪ್ಪು.

"ಕಾಲೆಲ್ಲ ರಾಡಿ ಆಗೇತಲ್ಲ. ಚಾಚು, ತೊಳಿತೀನಿ."

ಭಾಗ 5/7

ನಾನು ಬಲಗಾಲನ್ನು ಗಬಕ್ಕನೆ ಚಾದರದೊಳಗೆ ಎಳಕೊಂಡೆ. "ಬೇಡ ಅಕ್ಕಾ. ಬೆಳಿಗ್ಗೆ ಅಮ್ಮ ಬರ್ತಾರೆ."

"ನಿಮ್ಮವ್ವ ಬರೂತನಾ ಹೊಲಸಿನ್ಯಾಗ ಮಲಗ್ತಿಯೇನು? ನಾಚ್ಕಿ ಬಿಡು."

ಆಗಲೇ ಮಗ್ಗಿನಲ್ಲಿ ನೀರು ತಂದಾಗಿತ್ತು. ತನ್ನದೇ ಹಳೆ ಸೀರೆಯ ತುಂಡು ಒದ್ದೆ ಮಾಡಿ ಕಾಲ ಬುಡದಲ್ಲಿ ಕೂತರು.

ನಿಜ ಹೇಳ್ತೇನೆ, ನಂಗೆ ಮೂಳೆಯ ನೋವಿಗಿಂತ ಅದು ಕಷ್ಟ ಆಯ್ತು. ಒಂದು ತಿಂಗಳ ಹಿಂದೆ ಇದೇ ವಾರ್ಡಿಗೆ ನಾನು ಐರನ್ ಮಾಡಿದ ಚೂಡಿದಾರ ಹಾಕಿಕೊಂಡು ಬಂದವಳು. ಇಲ್ಲಿ ಕೊಡುವವಳು ನಾನು. ಈಗ ನಾಳೆಯ ಕೂಲಿ ಬಿಟ್ಟು ಕೂತ ಒಬ್ಬರು ನನ್ನ ಬೆರಳ ಸಂದಿಯ ರಕ್ತ ಒರಸ್ತಾ ಇದ್ದಾರೆ. ವಾಪಸ್ ಕೊಡ್ಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಪೂರ್ತಿ ಡೆಬಿಟ್.

ಕೊನೆಗೆ ಕಾಲು ಚಾಚಿದೆ. ಅವರು ಆತುರ ಮಾಡಲಿಲ್ಲ. ಮುರಿದ ಕಾಲಿನ ಬೆರಳನ್ನು ಒಂದೊಂದಾಗಿ, ಅಲುಗದ ಹಾಗೆ ಒರಸಿದರು. ಬೆಳಗಿನ ಜಾವ ನಾನು ಬಾಯಿ ಬಿಟ್ಟು ಕೇಳಬೇಕಾಗದೆ ಬೆಡ್‌ಪ್ಯಾನ್ ಕೂಡ ಅವರೇ ಕೊಟ್ಟು ತೆಗೆದರು.

"ಅಕ್ಕಾ, ನೀವ್ಯಾಕೆ ಇಷ್ಟೆಲ್ಲ ಮಾಡ್ತೀರಿ?" ಅಂತ ಕೇಳಿದೆ. ದೊಡ್ಡ ಉತ್ತರ ಏನಾದ್ರೂ ಬರ್ತದೆ ಅಂತ ಇತ್ತು.

"ನಿಮ್ಮವ್ವ ಇಲ್ಲಿ ಇಲ್ಲಲ್ಲ, ಅದಕ್ಕ."

ಅಷ್ಟೇ. ಹೋಗಿ ಚಾಪೆಯಲ್ಲಿ ಮಲಗಿ ನಿದ್ದೆ ಮಾಡಿದರು. ನಾನು ಫ್ಯಾನ್ ನೋಡ್ತಾ ಎಚ್ಚರ ಇದ್ದೆ. ಕಥೆಯಲ್ಲಿ ನಾನು ಯಾರು ಅಂತ ಆಗ ಗೊತ್ತಾಯ್ತು. ನಿಂತು ನೋಡಿದ ಸಮಾರ್ಯದವಳು ಯಾರು ಅಂತಲೂ.

ಭಾಗ 6/7

ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂತ ವಾರಗಳಲ್ಲಿ ಯೋಹಾನನ 13ನೇ ಅಧ್ಯಾಯ ಎಷ್ಟು ಸಲ ಓದಿದೆನೋ. ಯೇಸು ಶಿಲುಬೆಗೆ ಹೋಗುವ ಮುಂಚಿನ ರಾತ್ರಿ. ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆಯುತ್ತಾನೆ. ಆ ಕಾಲದಲ್ಲಿ ಅದು ಮನೆಯ ಆಳಿನ ಕೆಲಸ. ಪೇತ್ರನಿಗೆ ಸಹಿಸ್ಲಿಕ್ಕೆ ಆಗುವುದಿಲ್ಲ, ನನ್ನ ಕಾಲು ನೀನು ತೊಳೆಯಲೇಬಾರದು ಅಂತಾನೆ. ತೊಳೆಸಿಕೊಳ್ಳದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲ ಅನ್ನುವ ಅರ್ಥದಲ್ಲಿ ಯೇಸು ಉತ್ತರ ಕೊಡ್ತಾನೆ.

ಮೊದಲು ಇದು ಪೇತ್ರನ ವಿನಯ ಅಂದುಕೊಂಡಿದ್ದೆ. ನಾನೂ ಕಾಲು ಎಳಕೊಂಡವಳು, ಅದು ವಿನಯ ಅಲ್ಲ ಅಂತ ಈಗ ಗೊತ್ತು. ಪಡೆಯುವವರ ಸಾಲಿನಲ್ಲಿ ನಿಲ್ಲಲು ಒಪ್ಪದ ಜಂಬ ಅದು.

ಇನ್ನೊಂದು ಗಮನಿಸಿ. ನೀವೂ ಒಬ್ಬರಿಗೊಬ್ಬರು ಹೀಗೆ ಮಾಡಿ ಅಂತ ಯೇಸು ಹೇಳುವುದು ಎಲ್ಲರ ಕಾಲು ತೊಳೆದು ಮುಗಿಸಿದ ಮೇಲೆ. ಮೊದಲು ಪಡೆಯುವುದು, ಆಮೇಲೆ ಮಾಡುವುದು. ನಾನು ಆ ಕ್ರಮವನ್ನೇ ತಿರುಗಿಸಿ ಇಟ್ಟಿದ್ದೆ, ಅದಕ್ಕೇ ಎರಡು ತಿಂಗಳಲ್ಲಿ ಖಾಲಿ ಆದೆ.

ಸೇವೆ ಮಾಡಿದ ದೊಡ್ಡವರೆಲ್ಲ ಹುಟ್ಟುವಾಗಲೇ ಉತ್ಸಾಹದಿಂದ ಹುಟ್ಟಿದವರು ಅಂತ ನಂಗೊಂದು ಕಲ್ಪನೆ ಇತ್ತು. ಅದೂ ತಪ್ಪು. ನಮ್ಮ ಕಡೆಯಿಂದಲೂ ಎಷ್ಟೋ ಜನ ದೊಡ್ಡ ಕಾಯಿಲೆ ಅಂದ್ರೆ ವೆಲ್ಲೂರಿಗೆ ಹೋಗ್ತಾರೆ. ಆ ಆಸ್ಪತ್ರೆ ಶುರು ಮಾಡಿದ ಐಡಾ ಸ್ಕಡರ್ ಮಿಷನರಿ ಮನೆತನದಲ್ಲಿ 1870ರಲ್ಲಿ ಹುಟ್ಟಿದವರು, ಆದ್ರೆ ಮಿಷನರಿ ಆಗುವ ಮನಸ್ಸೇ ಇರಲಿಲ್ಲ. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದಾಗ ಒಂದೇ ರಾತ್ರಿ ಮೂರು ಜನ ಗಂಡಸರು, ಹೆರಿಗೆ ಕಷ್ಟದಲ್ಲಿದ್ದ ಹೆಂಡತಿಯರಿಗಾಗಿ ಸಹಾಯ ಕೇಳಿ ಬಂದರು. ಇವರ ತಂದೆ ಡಾಕ್ಟರ್, ಆದ್ರೆ ಗಂಡಸು ಡಾಕ್ಟರ್ ಬೇಡ ಅಂದರು. ಮೂವರೂ ಹೆಂಗಸರು ತೀರಿಕೊಂಡರು. ಆಮೇಲೆ ಐಡಾ ಅಮೆರಿಕಕ್ಕೆ ಹೋಗಿ ಡಾಕ್ಟರ್ ಓದಿ, 1900ರಲ್ಲಿ ವಾಪಸ್ ಬಂದು, ವೆಲ್ಲೂರಿನಲ್ಲಿ ಒಂದು ಮಂಚದಿಂದ ಶುರು ಮಾಡಿದರು.

ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ಕೂಡ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ್ದು ಒಂದು ಆಲದ ಮರದ ಕೆಳಗೆ. ಎದುರಿಗೆ ಬಂದ ನೋವಿಗೆ ಒಂದು ಮಂಚ, ಒಂದು ಮರದ ನೆರಳು. ದೊಡ್ಡದೆಲ್ಲ ಆಮೇಲೆ ಆದದ್ದು.

ಭಾಗ 7/7

ಏಪ್ರಿಲಿನಲ್ಲಿ ಕೋಲು ಹಿಡಿದುಕೊಂಡು ಪುನಃ ವಾರ್ಡಿಗೆ ಹೋದೆ. ಗಂಜಿ ಪಾತ್ರೆ ಹೊರ್ಲಿಕ್ಕೆ ಆಗ್ತಿರಲಿಲ್ಲ. ಮೊಬೈಲ್ ಚೀಲದೊಳಗೆ ಇತ್ತು. ಬಡಿಸುವ ಕೆಲಸ ಬೇರೆಯವರು ಮಾಡಿದರು, ನಾನು ಒಂದು ಮಂಚದ ಹತ್ತಿರ ಸ್ಟೂಲ್ ಹಾಕಿ ಕೂತೆ, ಅಷ್ಟೇ.

ಅಲ್ಲಿದ್ದ ಹೆಂಗಸು ನನ್ನ ಕೋಲು ನೋಡಿ "ಎಂತ ಆದದ್ದು ನಿಮಗೆ?" ಅಂತ ಕೇಳಿದರು. ನಾನು ಹೇಳಿದೆ, ಅವರೂ ಹೇಳಿದರು. ಆಮೇಲೆ ದಿಂಬಿನ ಅಡಿಯಿಂದ ಬಿಸ್ಕೆಟ್ ಪ್ಯಾಕೆಟ್ ತೆಗೆದು ಎರಡು ನನ್ನ ಕೈಗಿಟ್ಟರು. ಹಿಂದೆ ಆಗಿದ್ರೆ "ಅಯ್ಯೋ ಬೇಡ, ನೀವು ತಿನ್ನಿ" ಅಂತಿದ್ದೆ. ಅವತ್ತು ತಿಂದೆ. ಅವರ ಮುಖ ಎಷ್ಟು ಅರಳಿತು ಅಂದ್ರೆ, ನಾನು ಅಷ್ಟು ದಿನ ಹಂಚಿದ ಗಂಜಿಗೆ ಅಂಥ ನಗು ನೋಡಿದ್ದು ನೆನಪಿಲ್ಲ.

ಈಗಲೂ ಕೆಲವು ಆದಿತ್ಯವಾರ ಉದಾಸೀನ ಆಗ್ತದೆ. ಆಗ ನಾನು ಉತ್ಸಾಹ ಹುಡುಕುವುದಿಲ್ಲ, ಕಾಲು ನೋಡಿಕೊಳ್ತೇನೆ. ಒಬ್ಬರು ಇದನ್ನು ತೊಳೆದಿದ್ದಾರೆ. ಅವರಿಗೂ ಮೊದಲು ಇನ್ನೊಬ್ಬ ತೊಳೆದಿದ್ದಾನೆ ಅಂತ ನಾನು ನಂಬ್ತೇನೆ. ನನ್ನ ನಂಬಿಕೆ ನಿಮ್ಮದಾಗಿರದೇ ಇರಬಹುದು. ಆ ಅಕ್ಕನದ್ದೂ ಆಗಿರಲಿಲ್ಲ. ಆದರೂ ಯೇಸುವಿನ ಪ್ರೀತಿ ಅಂದ್ರೆ ಎಂತ ಅಂತ ನಂಗೆ ತೋರಿಸಿದ್ದು ಅವರೇ.

ಪ್ರೊಫೈಲಿನಲ್ಲಿ ಆ ವಾರ್ಡಿನ ಫೋಟೋಗಳು ಈಗ ಇಲ್ಲ, ತೆಗೆದಿದ್ದೇನೆ. ಅಕ್ಕನ ಫೋಟೋ ನನ್ನ ಹತ್ತಿರ ಇಲ್ಲವೇ ಇಲ್ಲ. ನನಗೆ ಆಪರೇಷನ್ ಆದ ದಿನ ಅವರ ಅತ್ತೆಯನ್ನು ಬೇರೆ ವಾರ್ಡಿಗೆ ಹಾಕಿದರು, ನಾನು ಕೇಳುವಷ್ಟರಲ್ಲಿ ಊರಿಗೆ ಹೋಗಿದ್ದರು. ನಂಬರ್ ತಗೊಂಡಿರಲಿಲ್ಲ. ಆ ಸಾಲ ಹಾಗೇ ಉಳಿಯಿತು. ಈ ಒಂದು ಖಾತೆ ಟ್ಯಾಲಿ ಆಗದಿದ್ದರೂ ಪರವಾಗಿಲ್ಲ.

ಮೆಸೇಜ್ ಮಾಡಿ ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಇನ್ನು ನಿಮಗೊಂದು ಪ್ರಶ್ನೆ: ನಿಮ್ಮ ಕಾಲು ತೊಳೆದವರು ಯಾರು? ಕಾಮೆಂಟಿನಲ್ಲಿ ಬರೀಬೇಡಿ. ನಂಬರ್ ಇದ್ದರೆ ಅವರಿಗೆ ಒಂದು ಕಾಲ್ ಮಾಡಿ.

#ಆದಿತ್ಯವಾರದಬರಹ #ಸೇವೆ #ಪ್ರೀತಿ #ಮಂಗಳೂರು #ಕನ್ನಡಬರಹ