ಪುಲಿಕಾಟಿನ ದಂಡೆಯಲ್ಲಿ

ಅಘನಾಶಿನಿಯ ದಂಡೆಯಲ್ಲಿ ಬೆಳೆದ ನಮ್ಮ ತಾಯಿಯವರಿಗೆ ಚೆನ್ನೈಯಲ್ಲಿ ಒಂದೇ ಕೊರಗು: ಬೆಳಚಿನ ಸಾರಿಲ್ಲ. ಮಂಗಳೂರಿನವರು ಮರುವಾಯಿ ಎನ್ನುವುದೂ ಇದನ್ನೇ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ನಗರದ ಉತ್ತರಕ್ಕಿರುವ ಪುಲಿಕಾಟ್ ಸರೋವರಕ್ಕೆ ಸಕುಟುಂಬರಾಗಿ ಹೊರಟೆವು.

ಡಚ್ಚರ ಗೋರಿಗಳನ್ನು ನೋಡಿಕೊಂಡು ನೀರಿನಂಚಿಗೆ ಬಂದೆವು. 1910ರ ಸುಮಾರಿಗೆ ಜೇಮ್ಸ್ ಹಾರ್ನೆಲ್ ಎಂಬವರು ಸಿಂಪಿಯ ಬೇಸಾಯವನ್ನು ಪರೀಕ್ಷಿಸಿದ್ದು ಇಲ್ಲಿಯೇ. 1970ರ ದಶಕದಲ್ಲಿ ತೂತ್ತುಕುಡಿಯಲ್ಲಿ ಆ ವಿದ್ಯೆ ಕೈಗೂಡಿತು. ಹಳೆಯ ಚಿಪ್ಪುಗಳನ್ನು ಸರದಂತೆ ಪೋಣಿಸಿ ಹಿನ್ನೀರಿನಲ್ಲಿ ಇಳಿಬಿಟ್ಟರೆ ಮರಿಗಳು ತಾವಾಗಿ ಬಂದು ಅಂಟುತ್ತವೆ. ಮೇವು ಹಾಕಬೇಕಿಲ್ಲ, ಉಬ್ಬರದ ನೀರೇ ಆಹಾರ ತರುತ್ತದೆ.

“ನಮ್ಮ ಮನೆಯ ತೊಟ್ಟಿಯಲ್ಲೂ ಬೆಳೆಯೋಣವೆ?” ಎಂದ ನಮ್ಮ ಹುಡುಗ. ತೊಟ್ಟಿಗೆ ಉಬ್ಬರವನ್ನು ಎಲ್ಲಿಂದ ತರೋಣ!

ತಾಯಿಯವರು ಕೆಸರಿನಲ್ಲಿ ಕೈಯಾಡಿಸಿ ಒಂದು ಹಿಡಿ ಬೆಳಚು ಎತ್ತಿದರು. ದಾರಿಯಲ್ಲಿ ಕಂಡ ಎಣ್ಣೂರು ಕಡೆಯ ಹೊಗೆಕೊಳವೆಗಳು ಅವರ ಮನಸ್ಸಿನಲ್ಲಿದ್ದವು. ಚಿಪ್ಪಿನ ಜೀವಿ ನೀರನ್ನು ಸೋಸಿ ಬದುಕುತ್ತದೆ. ನೀರಿನ ಕೊಳೆಯೂ ಅದರ ಒಡಲು ಸೇರುತ್ತದೆ. ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟರೆ ಮರಳು ಬಿಡುತ್ತದೆ, ರೋಗಾಣು ಕಡಿಮೆಯಾಗುತ್ತದೆ. ಸೀಸ, ಪಾದರಸ ಹೋಗುವುದಿಲ್ಲ.

“ನೀರು ಗೊತ್ತಿಲ್ಲದ ಜಾಗದ ಬೆಳಚು ಬೇಡ ತಮಾ” ಎಂದು ಮೆಲ್ಲನೆ ಹಿಂದಕ್ಕೆ ಬಿಟ್ಟರು. ಕೈ ತೊಳೆಯಲು ಮಾತ್ರ ಬಹಳ ಹೊತ್ತು ತೆಗೆದುಕೊಂಡರು.

ಆ ರಾತ್ರಿ ನಮಗೆ ತಿಳಿಸಾರು. ಮರುದಿನ ಕುಮಟೆಗೆ ರೈಲಿನ ಟಿಕೇಟು ಕೊಂಡೆವು.